ಹವಳದ ತೊಟ್ಟಿಯ ಕಲ್ಲು, ಮರಳು ಬದಲಿಸುವ ಮುನ್ನ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವರ ಜೊತೆ ಸಾಗರ, ತೀರ್ಥಹಳ್ಳಿ, ಹೊಸನಗರದಿಂದಲೂ ಬಂದಿದ್ದೀರಿ. ಘಟ್ಟದ ಮೇಲೆ ಕೂತು ಉಪ್ಪುನೀರಿನ ಹವಳ ಸಾಕುವವರು ಇಷ್ಟು ಜನ ಒಂದೇ ಕಡೆ ಸೇರಿದ್ದು ನೋಡಿ ಖುಷಿಯಾಯಿತು. ಇವತ್ತು ಮಾತಾಡಬೇಕಿರುವುದು ವರ್ಷಗಟ್ಟಲೆ ನಡೆದ ತೊಟ್ಟಿಯ ಕಲ್ಲು ಮತ್ತು ಮರಳು ಬದಲಿಸುವ ಬಗ್ಗೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನ್ನೂ ಒಂದೇ ದಿನ ಬದಲಿಸಬೇಡಿ. ಭಾನುವಾರ ಬೆಳಿಗ್ಗೆ ಕೈಹಾಕಿ ಸಂಜೆಯೊಳಗೆ ಎಲ್ಲ ಹೊಸದು ಮಾಡಿಬಿಡೋಣ ಅನ್ನಿಸುತ್ತದೆ. ಮೀನು ಕಳೆದುಕೊಳ್ಳುವುದು ಹೆಚ್ಚಾಗಿ ಅಂಥ ಭಾನುವಾರಗಳಲ್ಲೇ.

ಕಲ್ಲು ಅಂದಕ್ಕೆ ಇಟ್ಟಿದ್ದಲ್ಲ. ಮೀನಿನ ಹೊಲಸು, ತಿಂದು ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಕಲ್ಲಿನ ಮೈಮೇಲೆ, ಅದರ ಸಣ್ಣ ಸಣ್ಣ ತೂತುಗಳಲ್ಲಿ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನು ಕೆಲವು ಅದನ್ನೇ ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳಗಿನ ಜಾಗದಲ್ಲಿ ಬೇರೆ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ನೀರಿನಲ್ಲಿ ತೇಲಾಡುವ ಬ್ಯಾಕ್ಟೀರಿಯಾ ತೀರಾ ಕಡಿಮೆ. ಹಾಗಾಗಿ ಹಳೇ ನೀರು ಉಳಿಸಿಕೊಂಡರೆ ಸಾಕು ಅನ್ನುವುದು ನಂಬುವ ಮಾತಲ್ಲ. ಅಡಿಕೆ ತೋಟದ ಮೇಲ್ಮಣ್ಣನ್ನೆಲ್ಲ ಒಂದೇ ದಿನ ಕೆತ್ತಿ ತೆಗೆದು, ನಾಳೆಯಿಂದ ಹೊಸ ಮಣ್ಣಿನಲ್ಲಿ ಫಸಲು ಕೊಡು ಅಂತ ಮರಕ್ಕೆ ಹೇಳುವವರು ಯಾರೂ ಇಲ್ಲ ಅಲ್ವಾ? ಇನ್ನೊಂದು ವಿಷಯ. ಉಪ್ಪುನೀರಿನ ಪಿಹೆಚ್ 8.1ರಿಂದ 8.3ರ ಆಸುಪಾಸು ಇರುತ್ತದೆ. ಅಷ್ಟು ಪಿಹೆಚ್‌ನಲ್ಲಿ ಅಮೋನಿಯಾದ ವಿಷಕಾರಿ ಭಾಗ ಜಾಸ್ತಿ. ಸಿಹಿನೀರಿನ ಮೀನು ತಡೆದುಕೊಂಡ ಮಟ್ಟ ಇಲ್ಲಿ ಪ್ರಾಣಕ್ಕೆ ಬರಬಹುದು.

ಹಾಗಾದರೆ ಬದಲಿಸಬೇಕಾದದ್ದು ಯಾವಾಗ? ಕೂದಲಿನಂಥ ಹಸಿರು ಪಾಚಿ ಬಂತು ಅಂತ ಸುಮ್ನೆ ಬದಲಿಸಬೇಡಿ. ಮೊದಲು ಆಹಾರ ಕಡಿಮೆ ಮಾಡಿ, ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್ ನೋಡಿ, ನೀರು ಬದಲಿಸಿ. ಆದರೆ ಪ್ರತಿ ಕಲ್ಲಿನ ಮೇಲೂ ಐಪ್ಟೇಸಿಯಾ ಅನ್ನುವ, ಕಳೆಯಂತೆ ಹಬ್ಬುವ ಸಣ್ಣ ಅನಿಮೋನ್ ಎದ್ದು ಹವಳವನ್ನು ಸುಡುತ್ತಿದ್ದರೆ ಬದಲಿಸುವುದಕ್ಕೆ ಅರ್ಥ ಇದೆ. ಪಾಚಿಗೆ ಗೊಬ್ಬರವಾಗುವ ಫಾಸ್ಫೇಟನ್ನು ಕಲ್ಲೇ ಕುಡಿದು ಕೂತಿದ್ದರೂ ಅಷ್ಟೆ. ಕ್ಯಾಲ್ಸಿಯಂ ಕಾರ್ಬೋನೇಟ್ ಕಲ್ಲು ನೀರಿನ ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರಿನಲ್ಲಿ ಕಡಿಮೆಯಾದಾಗ ವಾಪಸ್ ಬಿಡುತ್ತದೆ. ನೀವು ತೆಗೆದಷ್ಟೂ ಅದು ತುಂಬಿಕೊಡುತ್ತಲೇ ಇರುತ್ತದೆ.

ಹೊಸ ಕಲ್ಲು ಎಲ್ಲಿಂದ? ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಬೇರೆ ಯಾವ ಕಡಲಿನಿಂದಾಗಲಿ ಹವಳದ ಕಲ್ಲು ತರಬೇಡಿ, ತಂದುಕೊಡುತ್ತೇನೆ ಅನ್ನುವವರಿಂದ ಕೊಳ್ಳಬೇಡಿ. ಗಟ್ಟಿ ಹವಳಗಳು 2001ರಿಂದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಹವಳದ ಮೇಲೆ ಪ್ರೀತಿ ಇರುವವರು ಅದನ್ನು ಕಡಲಿನಿಂದ ಒಡೆದು ತರುವುದು ಹೇಗೆ ಸಾಧ್ಯ? ಕೈಯಿಂದ ಮಾಡಿದ ಸೆರಾಮಿಕ್ ಅಥವಾ ಸಿಮೆಂಟ್ ಕಲ್ಲು ಧಾರಾಳವಾಗಿ ಸಾಕು. ಸಿಮೆಂಟಿನದಾದರೆ ವಾರಗಟ್ಟಲೆ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಪಿಹೆಚ್ ಇಳಿಯುವವರೆಗೆ ಕಾಯಬೇಕು. ನಮ್ಮ ಜಂಬಿಟ್ಟಿಗೆ ಕಲ್ಲು ನೋಡಲು ತೂತು ತೂತಾಗಿ ಚೆನ್ನಾಗಿದೆ, ಆದರೆ ಅದರ ತುಂಬ ಕಬ್ಬಿಣ. ತೊಟ್ಟಿಗೆ ಬೇಡ. ತುಂಗೆಯ ಮರಳೂ ಬೇಡ, ಅದು ಸಿಲಿಕಾ. ನಮಗೆ ಬೇಕಾದದ್ದು ಅರಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟಿನ ಮರಳು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಚಮಚ ಒಣ ಮರಳನ್ನು ತಟ್ಟೆಯಲ್ಲಿ ಹಾಕಿ ಮೇಲೆ ವಿನೆಗರ್ ಬಿಡಿ. ಅರಗೊನೈಟ್ ಆದರೆ ಬುಸ್ ಅಂತ ನೊರೆ ಎದ್ದು ಕಾಳು ಕಾಳಿನಿಂದಲೂ ಗುಳ್ಳೆ ಬರುತ್ತದೆ. ತುಂಗೆಯ ಮರಳು ಅಲ್ಲಾಡದೆ ಹಾಗೇ ಕೂತಿರುತ್ತದೆ. ಕಡಲ ದಂಡೆಯ ಮರಳಿನಲ್ಲಿ ಚಿಪ್ಪಿನ ಚೂರು ಇರುವ ಕಡೆ ಮಾತ್ರ ಗುಳ್ಳೆ ಕಾಣುತ್ತದೆ.

ಕಲ್ಲು ತಂದ ಮೇಲೆ ತೊಟ್ಟಿಗಲ್ಲ, ಡ್ರಮ್ಮಿಗೆ ಹಾಕಿ. ಆಹಾರ ತುಂಬಿಡುವ ಪ್ಲಾಸ್ಟಿಕ್ ಡ್ರಮ್ ಆಗಬಹುದು. ತೊಟ್ಟಿಯಷ್ಟೇ ಉಪ್ಪಿನ ನೀರು, ಅಂದರೆ ಸಾಂದ್ರತೆ 1.025, ಒಂದು ಹೀಟರ್, ನೀರು ತಿರುಗಿಸಲು ಒಂದು ಪಂಪ್. ಬೆಳಕು ಬೇಡ. ಬಾಟಲಿಯ ಬ್ಯಾಕ್ಟೀರಿಯಾ ಹಾಕಿ, 2 ಪಿಪಿಎಂ ಬರುವಷ್ಟು ಅಮೋನಿಯಾ ಕೊಡಿ. ಹಾಕಿದ ಅಮೋನಿಯಾ ಒಂದು ದಿನದೊಳಗೆ ಸೊನ್ನೆಗೆ ಇಳಿದು, ನೈಟ್ರೈಟ್ ಕೂಡ ಸೊನ್ನೆ ಬಂದರೆ ಕಲ್ಲು ಸಿದ್ಧ. ಇದಕ್ಕೆ ಒಂದೂವರೆ, ಎರಡು ತಿಂಗಳು ಹಿಡಿಯಬಹುದು. ಜೊತೆಗೆ ಫಾಸ್ಫೇಟ್ ಕೂಡ ನೋಡುತ್ತಿರಿ. ಒಣ ಕಲ್ಲಿನಲ್ಲೂ ಸಿಕ್ಕಿಕೊಂಡಿರುತ್ತದೆ. ಜಾಸ್ತಿ ಬಂದರೆ ಡ್ರಮ್ಮಿನ ನೀರು ಬದಲಿಸಿ.

ಇನ್ನು ತೊಟ್ಟಿಯ ಕೆಲಸ. ನನ್ನ ಅಭಿಪ್ರಾಯದಲ್ಲಿ ಮರಳನ್ನು ಮೊದಲು ತೆಗೆಯಬೇಕು, ಕೊನೆಗೆ ಹಾಕಬೇಕು. ಬರಿ ಗಾಜಿನ ಮೇಲೆ ಕಲ್ಲು ಕೂತರೆ ಅದು ಭದ್ರ. ಮರಳಿನ ಮೇಲೆ ಕೂತ ಕಲ್ಲಿನಡಿ ಮರಳು ಅಗೆಯುವ ಗೋಬಿ ಮೀನು ತೋಡಿದರೆ ಕಲ್ಲು ಉರುಳಿ ಗಾಜು ಒಡೆಯುವ ಭಯ ಇದೆ.

ಹಳೇ ಮರಳನ್ನು ಕೈಯಿಂದ ತೋಡಬೇಡಿ. ಗಾಜಿನ ಬದಿಯಿಂದ ನೋಡಿದರೆ ಕೆಳಗೆ ಕಪ್ಪು ಪಟ್ಟಿ ಕಾಣುತ್ತದೆ. ಅದನ್ನು ಕೆದಕಿದರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ನೀರಿಗೆ ಬಿಡುಗಡೆ ಆಗುತ್ತದೆ, ಮೀನಿಗೆ ಅದು ನೇರ ವಿಷ. ವಾರದ ನೀರು ಬದಲಿಸುವಾಗ ದಪ್ಪ ಪೈಪಿನಿಂದ ನೀರಿನ ಜೊತೆಯೇ ಮರಳನ್ನು ಎಳೆದು ಬಕೆಟ್ಟಿಗೆ ಬಿಡಿ. ಒಂದು ಸಲಕ್ಕೆ ಕಾಲು ಭಾಗ ಮಾತ್ರ. ವಾರ, ಹತ್ತು ದಿನ ಬಿಟ್ಟು ಇನ್ನೊಂದು ಕಾಲು. ಮರಳಿನಲ್ಲೇ ಮಲಗುವ ರ‍್ಯಾಸ್ ಮೀನು ಇದ್ದರೆ ಒಂದು ಡಬ್ಬಿಯಲ್ಲಿ ಮರಳು ಹಾಕಿ ಮೂಲೆಯಲ್ಲಿಡಿ. ಇಲ್ಲವಾದರೆ ರಾತ್ರಿ ಅದಕ್ಕೆ ಹೊಕ್ಕಿಕೊಳ್ಳಲು ಜಾಗ ಇಲ್ಲ.

ಮರಳು ಹೋದ ಮೇಲೆ ಎರಡು ವಾರ ಸುಮ್ಮನೆ ಬಿಟ್ಟು ಕಲ್ಲಿಗೆ ಕೈಹಾಕಿ. ಮೂರರಲ್ಲಿ ಒಂದು ಪಾಲು ಹಳೇ ಕಲ್ಲು ಹೊರಗೆ, ಅಷ್ಟೇ ಹೊಸದು ಒಳಗೆ. ಮೊದಲ ವಾರ ದಿನಾ ಅಮೋನಿಯಾ ನೋಡಿ. ತೊಟ್ಟಿಯ ಕಾಲು ಭಾಗದಷ್ಟು ಉಪ್ಪುನೀರು ಕಲಸಿ ಪಕ್ಕದಲ್ಲಿ ಸಿದ್ಧವಾಗಿರಲಿ. ಕಲ್ಲು ತೆಗೆದಾಗ ನೀರಿನ ಮಟ್ಟ ಇಳಿಯುತ್ತದೆ, ಅಲ್ಲಿಗೆ ತುಂಬಬೇಕಾದದ್ದೂ ಉಪ್ಪುನೀರೇ, ಸಿಹಿನೀರಲ್ಲ. ಹವಳಗಳನ್ನು ಹೊಸ ಕಲ್ಲಿಗೆ ಅಂಟಿಸುವಾಗ ಮೊದಲು ಇದ್ದ ಎತ್ತರದಲ್ಲೇ ಇಡಿ. ಬೆಳಕು ಏಕಾಏಕಿ ಜಾಸ್ತಿ ಬಿದ್ದರೆ ಬಿಳಿಚಿಕೊಳ್ಳುತ್ತವೆ.

ಈಗ ಹೇಳುವುದನ್ನು ದಯವಿಟ್ಟು ಮನೆಯವರಿಗೂ ಹೇಳಿ. ಹಳೇ ಕಲ್ಲಿನ ಹುಳ ಸಾಯಲಿ ಅಂತ ಬಚ್ಚಲು ಹಂಡೆಯಲ್ಲಿ ಹಾಕಿ ಕುದಿಸುವ ಯೋಚನೆ ಕೆಲವರಿಗೆ ಬರುತ್ತದೆ. ಕುದಿಸಲೇಬೇಡಿ. ಕಲ್ಲಿನ ಮೇಲೆ ಜೋಆಂಥಿಡ್ ಜಾತಿಯವು (ಗುಂಡಿಯಂತೆ ಗುಂಪಾಗಿ ಬೆಳೆಯುವ, ಹವಳದ ನೆಂಟ ಜೀವಿಗಳು), ಅದರಲ್ಲೂ ಪ್ಯಾಲಿಥೋವಾ ಇದ್ದರೆ ಅದರಲ್ಲಿ ಪ್ಯಾಲಿಟಾಕ್ಸಿನ್ ಇರಬಹುದು. ನಮಗೆ ಗೊತ್ತಿರುವ ಅತಿ ಕಟು ವಿಷಗಳಲ್ಲಿ ಅದೂ ಒಂದು. ಕುದಿಸಿದಾಗ ಆವಿಯ ಜೊತೆ ಮೇಲೆದ್ದು ಉಸಿರಿನಲ್ಲಿ ಹೋಗುತ್ತದೆ. ಹೊರದೇಶಗಳಲ್ಲಿ ಹೀಗೆ ಕಲ್ಲು ಕುದಿಸಿ ಮನೆಮಂದಿ ಎಲ್ಲ ಆಸ್ಪತ್ರೆ ಸೇರಿದ್ದು ದಾಖಲಾಗಿದೆ. ಬಿಸಿನೀರು ಸುರಿದು ಉಜ್ಜುವುದೂ ಬೇಡ. ಒಡೆಯುವಾಗ, ಕತ್ತರಿಸುವಾಗ ಗ್ಲೌಸ್ ಮತ್ತು ಕನ್ನಡಕ ಇರಲಿ. ಕೈಯಲ್ಲಿ ಗಾಯ ಇದ್ದರೆ ಆ ದಿನ ಕೆಲಸ ಬಿಡಿ. ಮಕ್ಕಳನ್ನು ದೂರ ಇಡಿ.

ಮಲೆನಾಡಿನ ವಿಷಯ ಒಂದೆರಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡವೇ ಬೇಡ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವಂತಿಲ್ಲ. ಕಲ್ಲು ಅರ್ಧ ಬದಲಾಗಿರುವಾಗ ಪಂಪ್ ನಿಂತರೆ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಕಮ್ಮಿ ಬೀಳುತ್ತದೆ. ಯಾವ ಕಾಲದಲ್ಲಾದರೂ ಬ್ಯಾಟರಿಯ ಏರ್ ಪಂಪ್ ಒಂದು ಇರಲಿ. ಉಪ್ಪಿನ ಚೀಲ ತೇವಕ್ಕೆ ಗಟ್ಟಿಯಾಗುತ್ತದೆ, ಮುಚ್ಚಳ ಬಿಗಿಯಾದ ಡಬ್ಬಿಗೆ ಸುರಿದಿಡಿ. ನಮ್ಮ ನಲ್ಲಿ ನೀರು ಕುಡಿಯಲು ಚೆನ್ನಾಗಿದೆ ಅಂತ ನೇರ ಹಾಕಬೇಡಿ, ಕ್ಲೋರಿನ್ ಇರುತ್ತದೆ. ಆರ್‌ಒ ಮತ್ತು ಡಿಐ ಫಿಲ್ಟರ್ ದಾಟಿ ಬಂದ ನೀರಿನಲ್ಲಿ ಟಿಡಿಎಸ್, ಅಂದರೆ ಕರಗಿದ ಲವಣಾಂಶ, ಸೊನ್ನೆ ತೋರಿಸಬೇಕು.

ಎಲ್ಲ ಕಲ್ಲು ಬದಲಾಗಿ ತಿಂಗಳು ಕಳೆದ ಮೇಲೆ ಹೊಸ ಮರಳು. ಆರ್‌ಒ ನೀರಿನಲ್ಲಿ ತಿಳಿಯಾಗುವವರೆಗೆ ತೊಳೆಯಿರಿ. ಪಂಪ್ ನಿಲ್ಲಿಸಿ, ಪಿವಿಸಿ ಪೈಪಿನ ಒಂದು ತುದಿಯನ್ನು ತಳಕ್ಕೆ ತಾಗಿಸಿ, ಮೇಲಿನಿಂದ ಸ್ವಲ್ಪ ಸ್ವಲ್ಪ ಬಿಡಿ. ಹವಳದ ಮೇಲೆ ಧೂಳು ಕೂರುವುದಿಲ್ಲ. ಎರಡು, ಮೂರು ಸೆಂಟಿಮೀಟರ್ ದಪ್ಪ ಸಾಕು. ಆಮೇಲೆ ಕಂದು ಪಾಚಿ ಬರುತ್ತದೆ, ಗಾಬರಿ ಬೇಡ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಪೂರ್ತಿ ಸೊನ್ನೆಗೆ ಇಳಿಸಲು ಹೋಗಬೇಡಿ. ಆಗಲೇ ಲೋಳೆಯಂತೆ ಹರಡುವ ಏಕಕೋಶ ಜೀವಿಗಳಾದ ಡೈನೋಫ್ಲಾಜೆಲೇಟ್‌ಗಳು ಹಬ್ಬುವುದು, ಅವನ್ನು ಓಡಿಸುವುದು ಪಾಚಿಗಿಂತ ಕಷ್ಟ.

ಹಳೇ ಕಲ್ಲು, ಹಳೇ ಮರಳನ್ನು ತುಂಗೆಗೂ ಹಾಕಬೇಡಿ, ಕಡಲಿಗೂ ಬಿಡಬೇಡಿ. ಅದರಲ್ಲಿರುವ ಜೀವಿಗಳು ನಮ್ಮ ಕರಾವಳಿಯವಲ್ಲ. ಗ್ಲೌಸ್ ಹಾಕಿಕೊಂಡು, ಯಾರೂ ಓಡಾಡದ ಕಡೆ ವಾರಗಟ್ಟಲೆ ಬಿಸಿಲಿಗೆ ಒಣಗಿಸಿ. ಪೂರ್ತಿ ಒಣಗಿದ ಮೇಲೂ ಬ್ರಷ್ ಹಾಕಿ ಉಜ್ಜಿ ಧೂಳೆಬ್ಬಿಸಬೇಡಿ.