ದ ಕ್ಲ್ಯಾಷ್: ಒಂದು ಪಂಕ್ ತಂಡದ ಲಯದ ಚರಿತ್ರೆ

ಸಭಿಕರೆಲ್ಲರಿಗೂ ನಮಸ್ಕಾರ.

ಪಂಕ್ ರಾಕ್ ಎಂದೊಡನೆ ನಮ್ಮ ಗಮನ ಮೊದಲು ಹರಿಯುವುದು ಅದರ ಮಾತಿನ ಕಡೆಗೆ, ಅಂದರೆ ಸಿಟ್ಟು, ಘೋಷಣೆ ಮತ್ತು ಆಳುವವರ ಮೇಲಿನ ಬೈಗುಳದ ಕಡೆಗೆ. 1976ರಿಂದ 1986ರವರೆಗೆ ಲಂಡನ್ನಿನಲ್ಲಿ ಬಾಳಿದ ದ ಕ್ಲ್ಯಾಷ್ ತಂಡದ ಬಗ್ಗೆ ಬಂದಿರುವ ವಿಮರ್ಶೆಯೂ ಬಹುಪಾಲು ಗಾಯಕ ಜೋ ಸ್ಟ್ರಮ್ಮರ್ ಬರೆದ ಸಾಲುಗಳ ರಾಜಕೀಯವನ್ನೇ ಚರ್ಚಿಸುತ್ತದೆ. ಆ ಚರ್ಚೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮೂರೇ ಸ್ವರಮೇಳಗಳಲ್ಲಿ ಹಾಡು ಕಟ್ಟುತ್ತಿದ್ದ ತಂಡವೊಂದು ನಾಲ್ಕೈದು ವರ್ಷಗಳೊಳಗೆ ಜಮೈಕಾದ ರೆಗೆ, ಸ್ಕಾ, ಜೊತೆಗೆ ಜಾಝ್, ಫಂಕ್, ರ‍್ಯಾಪ್ ಎಲ್ಲವನ್ನೂ ತನ್ನದಾಗಿಸಿಕೊಂಡ ಬಗೆ ಮಾತ್ರ ಸಾಹಿತ್ಯವನ್ನು ಓದಿದರೆ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ವೇದಿಕೆಯ ಹಿಂಬದಿಗೆ, ಬಾಸ್ ಗಿಟಾರು ಮತ್ತು ಡ್ರಮ್ಮುಗಳ ಕಡೆಗೆ ಕಿವಿಗೊಡಬೇಕು. ಈ ತಂಡದ ಧ್ವನಿ ಬೆಳೆದದ್ದು ಅಲ್ಲಿ, ಕೊನೆಗೆ ನಿಂತುಹೋದದ್ದೂ ಅಲ್ಲಿಯೇ ಎಂಬುದು ನನ್ನ ವಾದ.

ತಂಡ ಕೂಡಿಬಂದ ರೀತಿಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಸ್ಟ್ರಮ್ಮರ್ ವಿದೇಶಾಂಗ ಸೇವೆಯಲ್ಲಿದ್ದವರ ಮಗ. ಅಂಕಾರಾದಲ್ಲಿ ಹುಟ್ಟಿ, ವಸತಿಶಾಲೆಯಲ್ಲಿ ಓದಿ, ಲಂಡನ್ನಿನ ಪಬ್ಬುಗಳಲ್ಲಿ ಹಾಡುವ ತಂಡವೊಂದನ್ನು ನಡೆಸುತ್ತಿದ್ದ. ಗಿಟಾರಿನ ಮಿಕ್ ಜೋನ್ಸ್ ತನ್ನ ಅಜ್ಜಿಯೊಂದಿಗೆ ವೆಸ್ಟ್‌ವೇ ಹೆದ್ದಾರಿಯ ಪಕ್ಕದ ಗೋಪುರದಂಥ ವಸತಿ ಕಟ್ಟಡದಲ್ಲಿ ವಾಸವಾಗಿದ್ದ. ಚಿತ್ರಕಲೆಯ ವಿದ್ಯಾರ್ಥಿ ಪಾಲ್ ಸಿಮೊನನ್‌ಗೆ ವಾದ್ಯವೇ ಬರುತ್ತಿರಲಿಲ್ಲ. ಬಾಸ್ ಗಿಟಾರಿನ ಕೊರಳಿನ ಮೇಲೆ ಸ್ವರಗಳ ಹೆಸರು ಬರೆದುಕೊಂಡು ಕಲಿತ. ಮ್ಯಾನೇಜರ್ ಬರ್ನಿ ರೋಡ್ಸ್ ಇವರನ್ನು ಒಂದುಗೂಡಿಸಿದ. 1976ರ ಜುಲೈ 4ರಂದು ಶೆಫೀಲ್ಡ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ತಂಡಕ್ಕೆ ಮೊದಲು ನುಡಿಸಿದ್ದು ಇವರ ಚೊಚ್ಚಲ ಕಛೇರಿ. 1977ರ ಜನವರಿಯಲ್ಲಿ ಸಿಬಿಎಸ್ ಧ್ವನಿಮುದ್ರಣ ಕಂಪನಿ ಇವರೊಂದಿಗೆ ಒಂದು ಲಕ್ಷ ಪೌಂಡಿನ ಒಪ್ಪಂದ ಮಾಡಿಕೊಂಡಿತು. ಪಂಕ್ ಸತ್ತದ್ದು ಆ ದಿನವೇ ಎಂದು ಹಂಗಿಸಿದವರೂ ಇದ್ದರು.

ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಮೊದಲ ಆಲ್ಬಂ ಒಟ್ಟು ಸುಮಾರು 35 ನಿಮಿಷಗಳದ್ದು. ಡ್ರಮ್ ನುಡಿಸಿದ ಟೆರಿ ಚೈಮ್ಸ್ ಆಗಲೇ ತಂಡ ಬಿಡಲು ನಿರ್ಧರಿಸಿದ್ದರಿಂದ, ಹೊದಿಕೆಯ ಮೇಲೆ ಅವನ ಹೆಸರನ್ನು ‘ಟೋರಿ ಕ್ರೈಮ್ಸ್’ (ಟೋರಿ ಪಕ್ಷದ ಅಪರಾಧಗಳು) ಎಂದು ತಿರುಚಿ ಹಾಕಿ ಗೇಲಿ ಮಾಡಿದರು. ಗೇಲಿ ಏನೇ ಇರಲಿ, ಚೈಮ್ಸ್‌ನ ಕೈ ಆ ಆಲ್ಬಮ್ಮಿಗೆ ಹೇಳಿ ಮಾಡಿಸಿದಂತಿತ್ತು. ಅಲಂಕಾರವಿಲ್ಲದೆ, ಒಂದು ಪೆಟ್ಟನ್ನೂ ವ್ಯರ್ಥ ಮಾಡದೆ ಮುನ್ನುಗ್ಗುವ ನೇರ ನಡೆ ಅವನದು. ಅದರ ಮೇಲೆ ಎರಡು ಗಿಟಾರುಗಳು ಬಿಡುವಿಲ್ಲದೆ ಕೆಳಮುಖವಾಗಿ ಮೀಟುತ್ತ ಹೋಗುತ್ತವೆ. ಎರಡು, ಎರಡೂವರೆ ನಿಮಿಷಕ್ಕೆ ಹಾಡುಗಳು ಮುಗಿದುಬಿಡುತ್ತವೆ.

ಇವುಗಳ ನಡುವೆ ಆರು ನಿಮಿಷಗಳ ಹಾಡೊಂದಿದೆ. ಜಮೈಕಾದ ಗಾಯಕ ಜೂನಿಯರ್ ಮರ್ವಿನ್, ನಿರ್ಮಾಪಕ ಲೀ ಪೆರ್ರಿ ಜೊತೆ ಮಾಡಿದ್ದ ‘ಪೊಲೀಸ್ ಆ್ಯಂಡ್ ಥೀವ್ಸ್’ ಎಂಬ ರೆಗೆ ಹಾಡನ್ನು ಇವರು ತಮ್ಮದೇ ರೀತಿಯಲ್ಲಿ ನುಡಿಸಿದ್ದಾರೆ. ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಈ ಹಾಡಿನಲ್ಲಿ ಆಗಲೇ ಮೊಳೆತಿದೆ. ರೆಗೆಯ ಪ್ರಸಿದ್ಧ ನಡೆಯಲ್ಲಿ ನಾಲ್ಕು ಪೆಟ್ಟುಗಳ ಆವರ್ತದ ಮೊದಲ ಪೆಟ್ಟು, ಅಂದರೆ ನಾವು ಸಮ ಎನ್ನುವ ಸ್ಥಾನ, ಖಾಲಿ ಇರುತ್ತದೆ. ಡ್ರಮ್ಮಿನ ಭಾರವೆಲ್ಲ ಮೂರನೆಯ ಪೆಟ್ಟಿನ ಮೇಲೆ ಬೀಳುತ್ತದೆ, ಗಿಟಾರು ಪೆಟ್ಟುಗಳ ಸಂದಿಯಲ್ಲಿ ಚುಟುಕಾಗಿ ಮಿಡಿಯುತ್ತದೆ, ರಾಗವನ್ನು ಹೊತ್ತು ನಡೆಯುವ ಕೆಲಸ ಬಾಸಿನದಾಗುತ್ತದೆ. ಪಂಕ್ ಇದಕ್ಕೆ ತೀರ ವಿರುದ್ಧ. ಅದು ಎಲ್ಲ ಜಾಗವನ್ನೂ ತುಂಬುತ್ತದೆ, ಸಮದ ಮೇಲೆ ಬಲವಾಗಿ ಬಡಿಯುತ್ತದೆ. ಕ್ಲ್ಯಾಷ್ ತಂಡದವರು ಜಮೈಕಾದವರಂತೆ ನುಡಿಸಲು ಹೋಗದೆ ಒಂದು ಗಿಟಾರನ್ನು ಪೆಟ್ಟಿನ ಮೇಲೂ ಇನ್ನೊಂದನ್ನು ಸಂದಿಯಲ್ಲೂ ಇಟ್ಟರು. ಫಲವಾಗಿ ಬಂದದ್ದು ಒರಟಾದ, ಮೂಳೆ ಎದ್ದು ಕಾಣುವ ಸಂಗೀತ. ಆದರೂ ಅದರಲ್ಲಿ ಮೊಟ್ಟಮೊದಲ ಬಾರಿಗೆ ಪಂಕ್ ಹಾಡಿನೊಳಗೆ ಖಾಲಿ ಜಾಗ ಕೇಳಿಸಿತು.

ಈ ಆಯ್ಕೆ ಆಕಸ್ಮಿಕವಲ್ಲ. ಸಿಮೊನನ್ ಬೆಳೆದದ್ದು ಬ್ರಿಕ್ಸ್‌ಟನ್ ಮತ್ತು ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ, ಕೆರಿಬಿಯನ್ ಮೂಲದವರ ನಡುವೆ. ಅವನ ಕಿವಿ ಹದಗೊಂಡದ್ದು ಸ್ಕಾ ಮತ್ತು ರೆಗೆಯಲ್ಲಿ. 1976ರ ಆಗಸ್ಟ್‌ನಲ್ಲಿ ನಾಟಿಂಗ್ ಹಿಲ್ ಉತ್ಸವದಲ್ಲಿ ಪೊಲೀಸರಿಗೂ ಕಪ್ಪು ಯುವಕರಿಗೂ ಘರ್ಷಣೆ ನಡೆದಾಗ ಅವನೂ ಸ್ಟ್ರಮ್ಮರನೂ ಅಲ್ಲಿದ್ದರು. ಇನ್ನು ಪಂಕ್‌ನವರು ಸೇರುತ್ತಿದ್ದ ರಾಕ್ಸಿ ಕ್ಲಬ್ಬಿನಲ್ಲಿ ಡಿಜೆ ಆಗಿದ್ದ ಡಾನ್ ಲೆಟ್ಸ್, ಪಂಕ್ ತಂಡಗಳ ಧ್ವನಿಮುದ್ರಿಕೆಗಳೇ ಇನ್ನೂ ಹೊರಬರದಿದ್ದ ಆ ದಿನಗಳಲ್ಲಿ ತನ್ನ ಬಳಿಯಿದ್ದ ರೆಗೆ ತಟ್ಟೆಗಳನ್ನೇ ಹಾಕುತ್ತಿದ್ದ. ಒಂದು ಪೀಳಿಗೆಯ ಪಂಕ್ ಅಭಿಮಾನಿಗಳು ಎರಡು ಕಛೇರಿಗಳ ನಡುವಿನ ಬಿಡುವಿನಲ್ಲಿ ಕೇಳಿದ್ದು ಆ ಸಂಗೀತವನ್ನು.

ಇಷ್ಟಾದರೂ ಆಸಕ್ತಿಯೊಂದೇ ಸಾಲದು, ನುಡಿಸುವ ಕೈಯೂ ಬೇಕು. ಆ ಕೈ ಬಂದದ್ದು 1977ರಲ್ಲಿ ತಂಡ ಸೇರಿದ ಟಾಪರ್ ಹೆಡನ್ ರೂಪದಲ್ಲಿ. ಜಾಝ್ ಮೆಚ್ಚಿ ಬೆಳೆದ ಈ ಡ್ರಮ್ ವಾದಕ ಯಾವ ನಡೆಯನ್ನು ಕೇಳಿದರೂ ನುಡಿಸಬಲ್ಲವನಾಗಿದ್ದ. 1978ರ ‘ವೈಟ್ ಮ್ಯಾನ್ ಇನ್ ಹ್ಯಾಮರ್‌ಸ್ಮಿತ್ ಪ್ಯಾಲೇ’ ಹಾಡನ್ನು ಕೇಳಿದವರಿಗೆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ: ರೆಗೆ ಇಲ್ಲಿ ಎರವಲು ಬಟ್ಟೆಯಂತಿಲ್ಲ, ಮೈಗೆ ಹೊಂದಿಕೊಂಡಿದೆ. ಎರಡನೆಯ ಆಲ್ಬಮ್ಮಿಗಾಗಿ ಬಂದ ಅಮೆರಿಕದ ನಿರ್ಮಾಪಕ ಸ್ಯಾಂಡಿ ಪರ್ಲ್‌ಮನ್, ತಪ್ಪೇ ಮಾಡದ ಹೆಡನ್‌ನನ್ನು ಮನುಷ್ಯರೂಪದ ಡ್ರಮ್ ಯಂತ್ರವೆಂದು ಕೊಂಡಾಡಿದ. ಆ ಆಲ್ಬಂ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೇರಿತಾದರೂ ನನಗೆ ಅದು ಅಷ್ಟಾಗಿ ರುಚಿಸುವುದಿಲ್ಲ. ಗಿಟಾರುಗಳ ಗೋಡೆ ಎಷ್ಟು ದಪ್ಪವಾಗಿದೆಯೆಂದರೆ ಹೆಡನ್ ಏನು ಮಾಡುತ್ತಿದ್ದಾನೆಂಬುದೇ ಅದರ ಹಿಂದೆ ಮರೆಯಾಗಿಬಿಡುತ್ತದೆ.

ಆ ಗೋಡೆ ಉರುಳಿದ್ದು 1979ರ ಡಿಸೆಂಬರ್‌ನಲ್ಲಿ ಹೊರಬಂದ ‘ಲಂಡನ್ ಕಾಲಿಂಗ್’ ಆಲ್ಬಮ್ಮಿನಲ್ಲಿ. ರೋಡ್ಸ್‌ನಿಂದ ಬೇರೆಯಾಗಿ, ಪಿಮ್ಲಿಕೋದ ವ್ಯಾನಿಲ್ಲಾ ಎಂಬ ತಾಲೀಮು ಕೋಣೆಯಲ್ಲಿ ತಮ್ಮಷ್ಟಕ್ಕೆ ತಾವು ಹಳೆಯ ರಾಕಬಿಲ್ಲಿ, ಸೋಲ್, ರೆಗೆ ಹಾಡುಗಳನ್ನೆಲ್ಲ ನುಡಿಸಿ ನೋಡುತ್ತ ಕಳೆದ ತಿಂಗಳುಗಳ ಫಲ ಅದು. ವೆಸೆಕ್ಸ್ ಸ್ಟುಡಿಯೋದಲ್ಲಿ ಧ್ವನಿಮುದ್ರಣಕ್ಕೆ ನಿಂತ ನಿರ್ಮಾಪಕ ಗೈ ಸ್ಟೀವನ್ಸ್ ಕುರ್ಚಿ ಎಸೆಯುವ, ಏಣಿ ಬೀಸುವ ಆಸಾಮಿ. ಆದರೆ ಲಯದ ವಿಷಯದಲ್ಲಿ ಅವನಿಗೆ ಒಂದು ಒಳ್ಳೆಯ ವಿವೇಕವಿತ್ತು. ‘ಬ್ರ್ಯಾಂಡ್ ನ್ಯೂ ಕ್ಯಾಡಿಲಾಕ್’ ಹಾಡಿನ ಮೊದಲ ಪ್ರಯತ್ನ ಮುಗಿದಾಗ, ನಡುವೆ ವೇಗ ಹೆಚ್ಚಿತೆಂದೂ ಮತ್ತೆ ನುಡಿಸಬೇಕೆಂದೂ ಹೆಡನ್ ಹೇಳಿದನಂತೆ. ರಾಕ್ ಅಂಡ್ ರೋಲ್ ಎಂದರೆ ವೇಗ ಏರುವುದೇ ಎಂದು ಸ್ಟೀವನ್ಸ್ ಅದನ್ನೇ ಉಳಿಸಿಕೊಂಡನೆಂಬ ಪ್ರಸಂಗ ಪ್ರಸಿದ್ಧವಾಗಿದೆ. 19 ಹಾಡುಗಳ ಈ ಜೋಡಿ ಆಲ್ಬಮ್ಮನ್ನು ಒಂದೇ ತಟ್ಟೆಯ ಬೆಲೆಗೆ ಮಾರಬೇಕೆಂದು ತಂಡ ಹಟ ಹಿಡಿದು ಗೆದ್ದಿತು. ಸಿಮೊನನ್ ನ್ಯೂಯಾರ್ಕಿನ ವೇದಿಕೆಯ ಮೇಲೆ ತನ್ನ ಬಾಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸುತ್ತಿರುವ ಹೊದಿಕೆಯ ಚಿತ್ರವನ್ನು ತೆಗೆದವಳು ಪೆನಿ ಸ್ಮಿತ್.

ಆ ಚಿತ್ರಕ್ಕಿಂತ ನಮಗೆ ಮುಖ್ಯವಾದದ್ದು ಸಿಮೊನನ್ ತಾನೇ ಬರೆದು ಹಾಡಿದ ‘ದ ಗನ್ಸ್ ಆಫ್ ಬ್ರಿಕ್ಸ್‌ಟನ್’. ವಾದ್ಯದ ಮೇಲೆ ಸ್ವರಗಳ ಹೆಸರು ಬರೆದುಕೊಂಡಿದ್ದವನು ಮೂರು ವರ್ಷಗಳಲ್ಲಿ, ಇಡೀ ಹಾಡನ್ನು ತನ್ನ ಮೇಲೆ ಹೊತ್ತು ನಿಲ್ಲುವ ಬಾಸ್ ಸಾಲೊಂದನ್ನು ಕಟ್ಟಿದ್ದ. ಬ್ರಿಕ್ಸ್‌ಟನ್ನಿನಲ್ಲಿ ಗಲಭೆಗಳು ನಡೆದದ್ದು 1981ರಲ್ಲಿ, ಹಾಡು ಅದಕ್ಕೆ ಮುಂಚಿನದು ಎಂಬುದನ್ನು ಎಲ್ಲರೂ ಹೇಳುತ್ತಾರೆ. 1990ರಲ್ಲಿ ಬೀಟ್ಸ್ ಇಂಟರ್‌ನ್ಯಾಷನಲ್ ಎಂಬ ತಂಡ ಇದೇ ಬಾಸ್ ಸಾಲಿನ ಮೇಲೆ ಕಟ್ಟಿದ ನೃತ್ಯಗೀತೆ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದನ್ನು ನೆನೆಯುವವರು ಕಡಿಮೆ. ಮಾತನ್ನೆಲ್ಲ ಕಳಚಿದರೂ ಆ ಲಯ ತನ್ನ ಕಾಲ ಮೇಲೆ ನಿಂತಿತು.

1980ರ ‘ಸ್ಯಾಂಡಿನಿಸ್ಟಾ!’ ಆಲ್ಬಂ ಮೂರು ತಟ್ಟೆಗಳು, 36 ಹಾಡುಗಳು. ಬೆಲೆ ತಗ್ಗಿಸಲು ತಂಡ ಮೊದಲ ಎರಡು ಲಕ್ಷ ಪ್ರತಿಗಳ ಗೌರವಧನವನ್ನೇ ಬಿಟ್ಟುಕೊಟ್ಟಿತು. ಲಂಡನ್, ನ್ಯೂಯಾರ್ಕ್, ಜಮೈಕಾದ ಕಿಂಗ್‌ಸ್ಟನ್ ಹೀಗೆ ಊರೂರು ಸುತ್ತಿ ಮುದ್ರಿಸಿದ ಇದರಲ್ಲಿ ಕೊನೆಯ ತಟ್ಟೆಯನ್ನು ಪೂರ್ತಿ ಕೇಳಲು ತಾಳ್ಮೆ ಬೇಕೆಂಬುದು ನಿಜ. ಆದರೆ ಮೊದಲ ಹಾಡು ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಒಂದೇ ಸಾಕು, ಉಳಿದ ಅತಿರೇಕವನ್ನೆಲ್ಲ ಮನ್ನಿಸಲು. ರ‍್ಯಾಪ್ ಇನ್ನೂ ನ್ಯೂಯಾರ್ಕಿನ ಕೇರಿಗಳ ಸಂಗೀತವಾಗಿದ್ದಾಗ ಬ್ರಿಟನ್ನಿನ ಪಂಕ್ ತಂಡವೊಂದು ಮಾಡಿದ ರ‍್ಯಾಪ್ ಅದು. ನನ್ನ ವಾದಕ್ಕೆ ತೊಡಕಾಗುವ ಒಂದು ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. ಆ ಹಾಡಿನ ಬಾಸ್ ಸಿಮೊನನ್‌ನದಲ್ಲ. ಅವನು ಆಗ ಸಿನಿಮಾವೊಂದರ ಚಿತ್ರೀಕರಣಕ್ಕೆ ಹೋಗಿದ್ದ, ನುಡಿಸಿದವನು ಬ್ಲಾಕ್‌ಹೆಡ್ಸ್ ತಂಡದ ನಾರ್ಮನ್ ವಾಟ್-ರಾಯ್. ಹೀಗಿದ್ದೂ ಹಾಡು ಕಟ್ಟಿದ ಕ್ರಮವನ್ನು ಗಮನಿಸಿ: ಬಾಸ್ ಮತ್ತು ಡ್ರಮ್ಮುಗಳ ಆವರ್ತ ಮೊದಲು, ಮಾತು ಅದರ ಮೇಲೆ.

ಕೇಳುಗರೆಲ್ಲ ಈ ದಾರಿಯಲ್ಲಿ ಜೊತೆಗೆ ಬರಲಿಲ್ಲ. 1981ರಲ್ಲಿ ನ್ಯೂಯಾರ್ಕಿನ ಬಾಂಡ್ಸ್ ಸಭಾಂಗಣದಲ್ಲಿ ನಿಗದಿಯಾಗಿದ್ದ ಎಂಟು ಕಛೇರಿಗಳಿಗೆ ಮಿತಿ ಮೀರಿ ಟಿಕೆಟ್ ಮಾರಿದ್ದರಿಂದ ಅವು 17ಕ್ಕೆ ಏರಿದವು. ಅಲ್ಲಿ ಮೊದಲು ನುಡಿಸಲು ತಂಡವೇ ಕರೆಸಿದ್ದ, ರ‍್ಯಾಪ್ ಸಂಗೀತದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್‌ನ ಬಳಗವನ್ನು ಕ್ಲ್ಯಾಷ್ ಅಭಿಮಾನಿಗಳೇ ಕೂಗಿ ಅವಮಾನಿಸಿದರು.

1982ರ ಮೇ ತಿಂಗಳಲ್ಲಿ ಬಂದ ‘ಕಾಂಬ್ಯಾಟ್ ರಾಕ್’ ತಂಡವನ್ನು ಅಮೆರಿಕದಲ್ಲಿ ಮನೆಮಾತಾಗಿಸಿತು. ಅದರ ‘ರಾಕ್ ದ ಕಸ್ಬಾ’ ಅಲ್ಲಿನ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೇರಿತು. ಅಷ್ಟು ಎತ್ತರಕ್ಕೆ ಇವರ ಬೇರಾವ ಹಾಡೂ ಅಲ್ಲಿ ಹೋಗಲಿಲ್ಲ. ಸ್ಟುಡಿಯೋಗೆ ಉಳಿದವರು ಬರುವ ಮುನ್ನ ಬಂದಿದ್ದ ಹೆಡನ್ ಡ್ರಮ್ಮು, ಪಿಯಾನೊ, ಬಾಸ್ ಮೂರನ್ನೂ ಒಂದರ ಮೇಲೊಂದರಂತೆ ತಾನೇ ನುಡಿಸಿ ಇದರ ಸಂಗೀತವನ್ನು ಕಟ್ಟಿದ. ಸ್ಟ್ರಮ್ಮರ್ ಆಮೇಲೆ ಸಾಹಿತ್ಯ ಬರೆದ. ಆಲ್ಬಂ ಬಿಡುಗಡೆಯಾದ ತಿಂಗಳಲ್ಲೇ, ಹೆರಾಯಿನ್ ಚಟದ ಕಾರಣಕ್ಕೆ ಹೆಡನ್‌ನನ್ನು ತಂಡದಿಂದ ಹೊರಹಾಕಲಾಯಿತು. ಹಾಡಿನ ವಿಡಿಯೋದಲ್ಲಿ ಡ್ರಮ್ಮಿನ ಮುಂದೆ ಕುಳಿತಿರುವವನು, ಆಪತ್ಕಾಲದಲ್ಲಿ ಮರಳಿ ಕರೆಸಿಕೊಂಡ ಟೆರಿ ಚೈಮ್ಸ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ‘ದ ಹೂ’ ಎಂಬ ರಾಕ್ ತಂಡಕ್ಕೆ ಮುನ್ನ ನುಡಿಸಿದವನೂ ಅವನೇ. ಆ ಧ್ವನಿಮುದ್ರಣ ಈಗ ಲಭ್ಯವಿದೆ. ಅಚ್ಚುಕಟ್ಟಾದ ಕಛೇರಿ ಎನ್ನಬಹುದು, ಆದರೆ ಹಾಡುಗಳು ಮತ್ತೆ 1977ರ ನೇರ ನಡೆಯತ್ತ ವಾಲಿವೆ.

1983ರ ಸೆಪ್ಟೆಂಬರ್‌ನಲ್ಲಿ ಮಿಕ್ ಜೋನ್ಸ್‌ನನ್ನೂ ಕಳುಹಿಸಲಾಯಿತು. ಸ್ಟ್ರಮ್ಮರ್ ಮತ್ತು ಸಿಮೊನನ್ ಹೊಸಬರನ್ನು ಸೇರಿಸಿಕೊಂಡು, ಮರಳಿ ಬಂದಿದ್ದ ರೋಡ್ಸ್‌ನ ಉಸ್ತುವಾರಿಯಲ್ಲಿ ಮಾಡಿದ ‘ಕಟ್ ದ ಕ್ರ್ಯಾಪ್’ 1985ರ ನವೆಂಬರ್‌ನಲ್ಲಿ ಹೊರಬಂತು. ತಂಡದಲ್ಲಿ ಪೀಟ್ ಹೌವರ್ಡ್ ಎಂಬ ಡ್ರಮ್ ವಾದಕನಿದ್ದರೂ ಆಲ್ಬಮ್ಮಿನಲ್ಲಿ ಬಹುಮಟ್ಟಿಗೆ ಕೇಳುವುದು ಡ್ರಮ್ ಯಂತ್ರ. ಗಿಟಾರು, ಗುಂಪಿನ ಘೋಷಣೆ, ಯಂತ್ರದ ಪೆಟ್ಟು, ಇವು ಒಂದನ್ನೊಂದು ಕೇಳಿಸಿಕೊಳ್ಳದೆ ತಂತಮ್ಮ ಪಾಡಿಗೆ ಸಾಗುತ್ತವೆ.

ದೋಷ ಯಂತ್ರದ್ದೆನ್ನಲು ಬರುವುದಿಲ್ಲ. ಅದೇ ನವೆಂಬರ್‌ನಲ್ಲಿ ಜೋನ್ಸ್ ತನ್ನ ಹೊಸ ತಂಡ ಬಿಗ್ ಆಡಿಯೊ ಡೈನಮೈಟ್‌ನ ಮೊದಲ ಆಲ್ಬಮ್ಮನ್ನು ತಂದ. ಅದರಲ್ಲೂ ಡ್ರಮ್ ಯಂತ್ರವಿತ್ತು, ಜೊತೆಗೆ ಸಿನಿಮಾಗಳಿಂದ ಕತ್ತರಿಸಿ ತಂದ ಮಾತಿನ ತುಣುಕುಗಳಿದ್ದವು, ತಂಡದಲ್ಲಿ ಹಳೆಯ ರಾಕ್ಸಿ ಕ್ಲಬ್ಬಿನ ಡಾನ್ ಲೆಟ್ಸ್ ಇದ್ದ. ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಹೊರಟಿದ್ದ ದಿಕ್ಕಿನಲ್ಲಿ ಮುಂದಿನ ಹೆಜ್ಜೆ ಇಟ್ಟದ್ದು ಕ್ಲ್ಯಾಷ್ ಹೆಸರು ಉಳಿಸಿಕೊಂಡವರಲ್ಲ, ಅದನ್ನು ಕಳೆದುಕೊಂಡವನು. 1986ರಲ್ಲಿ ಕ್ಲ್ಯಾಷ್ ಮುಗಿದ ಮೇಲೆ ಸ್ಟ್ರಮ್ಮರ್ ಬಿಗ್ ಆಡಿಯೊ ಡೈನಮೈಟ್ ತಂಡದ ಎರಡನೆಯ ಆಲ್ಬಮ್ಮಿಗೆ ಸಹನಿರ್ಮಾಪಕನಾಗಿ, ಜೋನ್ಸ್ ಜೊತೆ ಮತ್ತೆ ಹಾಡು ಬರೆಯಲು ಕುಳಿತ.