ಕೂಸನ್ನು ದತ್ತು ಕೊಡೋ ಹಸಿ ಬಾಣಂತಿಗೆ ಯೋಚಿಸೋಕೆ 60 ದಿನ ಜಾಸ್ತಿನಾ?

ನಮ್ಮ ಹುಬ್ಬಳ್ಳಿ ಕಡೆ ಹಸಿ ಬಾಣಂತಿ ತಣ್ಣೀರು ಮುಟ್ಟಿದರೆ ಅವ್ವ ಆಕಾಶ ಭೂಮಿ ಒಂದು ಮಾಡ್ತಾಳೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಬೆಳಗಾದರೆ ಅಂಟಿನುಂಡಿ. ಗಾಳಿ ತಾಗೀತು ಅಂತ ಕಿಟಕಿ ತೆಗೆಯೋದಕ್ಕೂ ಬಿಡೋದಿಲ್ಲ.

ಸರಿ. ಮದುವೆಯಾಗದೆ ಹಡೆದವಳಿಗೆ?

ಕೆಲವು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ ನೋಡಿದ್ದು. ಪಕ್ಕದ ಮಂಚದಲ್ಲಿ ಹಾವೇರಿ ಕಡೆಯ ಹುಡುಗಿ. ಹಡೆದು ಮೂರು ದಿನ. ಅವಳ ಕಾಕಾ ಕೂಸನ್ನು ಕೊಟ್ಟುಬಿಡೋ ಬಾಂಡ್ ಪೇಪರ್ ಹಿಡಿದು ನಿಂತಿದ್ದರು. "ಸಹಿ ಮಾಡವ್ವ, ಕೂಸಿಗೆ ಚಲೋ ಮನಿ ಸಿಗತೈತಿ, ನಿನ್ನ ಲಗ್ನಾನೂ ಆಗತೈತಿ." ಅವಳು ಕೇಳಿದ್ದು ಒಂದೇ. "ಒಂದ್ಸಲ ಹಾಲ ಕುಡಿಸಿ ಆಮ್ಯಾಲ ಮಾಡ್ಲೇನ್ರಿ ಕಾಕಾ?"

ಕೂಸನ್ನು ಒಪ್ಪಿಸೋಕೆ 2015ರ ಬಾಲನ್ಯಾಯ ಕಾಯ್ದೆ ಹೇಳೋ ದಾರಿ ಇದಲ್ಲ. ಸಾಕೋಕೆ ಆಗದ ತಾಯಿ ಕೂಸನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬೇಕು. ಅವರು ಮೊದಲು ಕೂರಿಸಿ ಮಾತಾಡಬೇಕು, ಕೂಸನ್ನು ಇಟ್ಟುಕೊಳ್ಳೋ ದಾರಿ ಏನಾದ್ರೂ ಇದೆಯಾ ನೋಡಬೇಕು. ಗಂಡ ಹೆಂಡತಿ ಆದರೆ ಇಬ್ಬರ ಸಹಿಯೂ ಬೇಕು. ಮದುವೆಯಾಗದ ತಾಯಿಯಾದರೆ ಸಹಿ ಅವಳದ್ದು, ಕಾಕಾನದ್ದಲ್ಲ. ತಾಯಿಯ ಹೆಸರು ಗುಟ್ಟಾಗಿರಬೇಕು. ದುಡ್ಡು ಕೈ ಬದಲಾಯಿತೋ, ಅದು ದತ್ತು ಅಲ್ಲ, ಮಾರಾಟ. 5 ವರ್ಷದವರೆಗೆ ಜೈಲು.

ಎಲ್ಲಕ್ಕಿಂತ ದೊಡ್ಡದು, ಸಮಿತಿ ಮುಂದೆ ಸಹಿ ಹಾಕಿದ ಮೇಲೂ 2 ತಿಂಗಳು ಟೈಮ್ ಇದೆ. ಮನಸ್ಸು ಬದಲಾದರೆ ಹೋಗಿ ಕೂಸನ್ನು ವಾಪಸ್ ಕೇಳಬಹುದು.

ಈ 60 ದಿನ ಅವಳಿಗೆ ನಿಜವಾಗಿ ಸಿಗ್ತಾವಾ? ಬಸ್ಸಿಗೆ ದುಡ್ಡಿಲ್ಲ, ಮನೆಯಲ್ಲಿ ಯಾರೂ ಮುಖ ಕೊಟ್ಟು ಮಾತಾಡಲ್ಲ. ಮನಸ್ಸು ಬದಲಾಯಿಸೋ ಹಕ್ಕಿದೆ ಅಂತ ಅವಳಿಗೆ ಹೇಳಿದವರೇ ಇಲ್ಲ.

ಮಕ್ಕಳಿಲ್ಲದೆ ದತ್ತಿಗೆ ಕಾಯೋರ ಸಂಕಟ ನನಗೂ ಗೊತ್ತು, ನಮ್ಮ ಅಕ್ಕನೇ ವರ್ಷಗಟ್ಟಲೆ ಕಾದಳು. "ಎರಡು ತಿಂಗಳು ಜಾಸ್ತಿ ಆಯ್ತು" ಅಂತ ಒಮ್ಮೆ ಅವಳೂ ಅಂದಳು. ನಿನ್ನ ನಾದಿನಿ ಬಾಣಂತನಕ್ಕೆ ತವರಲ್ಲಿ ಎಷ್ಟು ತಿಂಗಳು ಇದ್ದಳು ಅಂತ ಕೇಳಿದೆ. ಐದು. ಆಮೇಲೆ ಸುಮ್ನಾದಳು.

60 ದಿನ ಯೋಚಿಸಿ ಕೊಟ್ಟೇ ಕೊಡ್ತೀನಿ ಅಂದವಳಿಗೂ "ಹೆತ್ತ ಕರುಳಲ್ವಾ ನಿಂದು?" ಅನ್ನೋರಿದ್ದಾರೆ. ಮೂರು ದಿನಕ್ಕೆ ಬಾಂಡ್ ಪೇಪರ್ ತಂದವರನ್ನು ಮಾತ್ರ ಯಾರೂ ಏನೂ ಕೇಳಲ್ಲ.

ನಾನೂ ಕೇಳಲಿಲ್ಲ. ಆ ಹುಡುಗಿ ಹಾಲು ಕುಡಿಸಿದಳು. ಕಾಕಾ ಪೆನ್ನಿನ ಕ್ಯಾಪ್ ತೆಗೆದು ಕಾದರು. ಮಕ್ಕಳ ಸಹಾಯವಾಣಿ 1098 ಅಂತ ನನಗೆ ಗೊತ್ತಿತ್ತು, ಫೋನೂ ಕೈಯಲ್ಲೇ ಇತ್ತು. ನಾನು ಪರದೆ ಎಳೆದುಕೊಂಡು ಆ ಕಡೆ ತಿರುಗಿ ಕೂತೆ.