ಮೊದಲು ಪತ್ರ ಓದಿ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಕಾನೂನು ಓದುತ್ತಿರುವ, ಈಗಷ್ಟೇ ಸನ್ನದು ಪಡೆದ ತರುಣ ತರುಣಿಯರಿಗೆ. ವಾಣಿಜ್ಯ ಕಟ್ಟಡಗಳ ವ್ಯವಹಾರ, ಕಂಪನಿಗಳ ದಿವಾಳಿ ಪ್ರಕರಣ, ಇವೆರಡನ್ನೂ ನೋಡಿಕೊಳ್ಳುವ ವಕೀಲಿಕೆ ನನ್ನದು. ಎರಡಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಕಂಪನಿ ಮುಳುಗಿದ ಮೇಲೆ ಜನ ಜಗಳಕ್ಕೆ ನಿಲ್ಲುವುದು ಬಹಳ ಸಲ ಜಾಗಕ್ಕಾಗಿ, ಕಟ್ಟಡಕ್ಕಾಗಿ, ಬಾಡಿಗೆ ಬಾಕಿಗಾಗಿ.

ಈ ವೃತ್ತಿಗೆ ಬರುವವರಿಗೆ ನಾನು ಹೇಳುವುದು ಒಂದೇ ಮಾತು. ಮೊದಲು ಪತ್ರ ಓದಿ. ಪತ್ರ ಅಂದರೆ ಆದೇಶ, ಕರಾರು, ಪ್ರಕಟಣೆ, ಇಂಥ ದಾಖಲೆ. ವಾದ ಆಮೇಲೆ.

ಒಬ್ಬ ಹಿರಿಯರು ನಮ್ಮ ಕಚೇರಿಗೆ ಬಂದರು. ನಿವೃತ್ತಿಯ ಹಣವೆಲ್ಲ ಸುರಿದು ಕಟ್ಟಿಸಿದ ಕಟ್ಟಡ, ಅದರಲ್ಲಿ ಎರಡು ಮಹಡಿ ಒಂದು ಕಂಪನಿಗೆ ಬಾಡಿಗೆಗೆ. ತಿಂಗಳುಗಟ್ಟಲೆ ಬಾಡಿಗೆ ಬಂದಿಲ್ಲ, ಅಷ್ಟರಲ್ಲಿ ಕಂಪನಿಯ ಮೇಲೆ ದಿವಾಳಿ ಅರ್ಜಿ. "ನಾಳೆ ಬೆಳಿಗ್ಗೆ ಬೀಗ ಜಡಿದುಬಿಡ್ತೀನಿ ಸಾರ್. ಕಟ್ಟಡ ನಂದು, ಕೇಳೋರು ಯಾರು?" ಅಂದರು. ನಮ್ಮ ಜೂನಿಯರ್ ಆಗಲೇ ಖಾಲಿ ಮಾಡಿಸುವ ದಾವೆ ಬರೆಯಲು ಕೂತಾಗಿತ್ತು!

ನಾನು ಕೇಳಿದೆ: ದಿವಾಳಿ ಅರ್ಜಿ ವಿಚಾರಿಸುವ ಕಂಪನಿ ಕಾನೂನು ನ್ಯಾಯಮಂಡಳಿಯ ಆದೇಶ ಓದಿದ್ರಾ? ಇಬ್ಬರೂ ಓದಿರಲಿಲ್ಲ.

ತರಿಸಿ ಓದಿದೆವು. ಅರ್ಜಿ ಅಂಗೀಕಾರವಾಗಿತ್ತು. ಅಲ್ಲಿಗೆ 2016ರ ದಿವಾಳಿ ಸಂಹಿತೆಯ 14ನೇ ಕಲಮು ಜಾರಿಗೆ ಬಂತು. ಕಂಪನಿಯ ಮೇಲೆ ದಾವೆ ಹೂಡುವಂತಿಲ್ಲ. ಕಂಪನಿ ಕೂತಿರುವ ಜಾಗವನ್ನು ಮಾಲೀಕನೂ ಬಿಡಿಸಿಕೊಳ್ಳುವಂತಿಲ್ಲ. ಹಿರಿಯರ ಮುಖ ಬಾಡಿತು. ಆದರೆ ಪತ್ರ ಓದುವುದು ಇನ್ನೂ ಮುಗಿದಿರಲಿಲ್ಲ. ದಿವಾಳಿ ಪ್ರಕ್ರಿಯೆ ಬಗ್ಗೆ ಪತ್ರಿಕೆಯಲ್ಲಿ ಬಂದ ಪ್ರಕಟಣೆ ನೋಡಿದರೆ, ಬಾಕಿಯ ಕ್ಲೇಮ್ ಸಲ್ಲಿಸಲು ನಾಡಿದ್ದೇ ಕೊನೆಯ ದಿನ! ರಾತ್ರಿ ಬಾಡಿಗೆ ಕರಾರು ತೆಗೆದು ಕೂತೆವು. ವರ್ಷಕ್ಕೊಮ್ಮೆ ಬಾಡಿಗೆ ಏರಬೇಕೆಂಬ ಷರತ್ತು ಅದರಲ್ಲಿತ್ತು. ಹಿರಿಯರು ಅದನ್ನು ಮರೆತು ಹಳೆಯ ದರದಲ್ಲೇ ಲೆಕ್ಕ ಹಾಕಿದ್ದರು. ಅರ್ಜಿ ಅಂಗೀಕಾರವಾದ ದಿನಾಂಕಕ್ಕೆ ಗೆರೆ ಎಳೆದೆವು. ಅದಕ್ಕಿಂತ ಹಿಂದಿನದು ಹಳೆಯ ಬಾಕಿ, ಅದಕ್ಕೆ ಕ್ಲೇಮ್. ಆಮೇಲಿನ ಬಾಡಿಗೆ ದಿವಾಳಿ ಪ್ರಕ್ರಿಯೆ ನಡೆಸುವ ಖರ್ಚಿನಲ್ಲಿ ಸೇರುತ್ತದೆ, ಸಾಲ ಕೊಟ್ಟವರಿಗಿಂತ ಮೊದಲು ಅದನ್ನು ಕಟ್ಟಬೇಕು. ಕೊನೆಗೆ ಆ ಬಾಡಿಗೆ ಪೂರ್ತಿ ಬಂತು. ಹಳೆಯ ಬಾಕಿಯಲ್ಲಿ ಒಂದು ಪಾಲು ಮಾತ್ರ ಸಿಕ್ಕಿತು.

ಬೀಗ ಜಡಿದು ಸಿವಿಲ್ ಕೋರ್ಟಿಗೆ ಓಡಿದ್ದರೆ? 2021ರ ಘನಶ್ಯಾಮ್ ಮಿಶ್ರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪರಿಹಾರ ಯೋಜನೆಗೆ, ಅಂದರೆ ಸಾಲ ಇತ್ಯರ್ಥ ಮಾಡಿ ಕಂಪನಿಯನ್ನು ಉಳಿಸುವ ಯೋಜನೆಗೆ, ಮಂಜೂರಾತಿ ಸಿಕ್ಕಿದ ಮೇಲೆ ಅದರಲ್ಲಿ ಇಲ್ಲದ ಬಾಕಿ ಅಳಿದುಹೋಗುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ವಾದಿಸಿದರೂ ಏನು ಬಂತು? ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಪತ್ರ ಓದಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮುಂಗಡ ಕೊಟ್ಟು ಫ್ಲಾಟಿಗೆ ಕಾಯುತ್ತಿರುವವರೂ 2018ರಿಂದ ಬ್ಯಾಂಕುಗಳಂತೆ ಹಣಕಾಸು ಸಾಲ ಕೊಟ್ಟವರ ಸಾಲಿಗೆ ಸೇರಿದ್ದಾರೆ. ಬಿಲ್ಡರ್ ಮೇಲೆ ದಿವಾಳಿ ಅರ್ಜಿ ಹಾಕಲು ಒಂದೇ ಕಟ್ಟಡ ಯೋಜನೆಯಲ್ಲಿ ಫ್ಲಾಟ್ ಕೊಂಡ 100 ಜನ ಅಥವಾ ಶೇಕಡಾ 10ರಷ್ಟು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಒಟ್ಟಾಗಬೇಕು. ಇಲ್ಲಿಯೂ ಎಲ್ಲರ ಫ್ಲಾಟ್ ಹಂಚಿಕೆ ಪತ್ರ ಓದಬೇಕಾದವರು ನೀವೇ. ಹತ್ತು ವರ್ಷ ವಕೀಲಿಕೆ ಮಾಡಿದವರು ಪರೀಕ್ಷೆ ಬರೆದು, ನೋಂದಾಯಿಸಿಕೊಂಡು, ಸ್ವತಃ ದಿವಾಳಿ ಪ್ರಕ್ರಿಯೆ ನಡೆಸುವವರಾಗಬಹುದು. ಒಳ್ಳೆಯ ದಾರಿ ಅದು.

ಆದರೆ ಶುರುವಿಗೆ ದೊಡ್ಡ ಕಚೇರಿಯೇ ಬೇಕೆಂದು ಕಾಯಬೇಡಿ. ಆಸ್ತಿ ವ್ಯವಹಾರ ನೋಡುವ ಒಬ್ಬ ಹಿರಿಯ ವಕೀಲರ ಬಳಿ ಸೇರಿ. ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ, ಋಣಭಾರ ಪತ್ರ ತೆಗೆಸಿ, ಯಾವ ಸಾಲ ತೀರಿದೆ, ಯಾವ ಅಡಮಾನ ಇನ್ನೂ ಹಾಗೇ ಇದೆ ಎಂದು ಗುರುತು ಹಾಕಿ. ದಿವಾಳಿ ಸಂಹಿತೆಯ 14ನೇ ಕಲಮು (ದಾವೆಗಳಿಗೆ ತಡೆ), 18ನೇ ಕಲಮು (ಪ್ರಕ್ರಿಯೆ ನಡೆಸುವವರ ಕರ್ತವ್ಯ), 53ನೇ ಕಲಮು (ಕಂಪನಿ ಮುಚ್ಚಿದಾಗ ಯಾರಿಗೆ ಮೊದಲು ಹಣ), ಇವನ್ನು ಈ ವಾರವೇ ಓದಿ. ಸಾರಾಂಶ ಬೇಡ, ಮೂಲವನ್ನೇ ಓದಿ. ನಮಸ್ಕಾರ.